ಓದುಗರ ಪ್ರಶ್ನೆ: ಬೆಳಗಿನ ಹೊತ್ತು ಏಳಲೊಲ್ಲದ ಹಳೆಯ ಬೋಟ್ ಮೋಟಾರು

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಪಂಪ್‌ಸೆಟ್ಟು, ಪವರ್ ಸ್ಪ್ರೇಯರ್ ಮತ್ತು ಟ್ರ್ಯಾಕ್ಟರುಗಳಿಗೆ ಸಂಬಂಧಿಸಿದವು. ಈ ಸಲ ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆಗಳಿಂದ ದೋಣಿಯ ಹಿಂಬದಿಗೆ ಬಿಗಿಯುವ ಔಟ್‌ಬೋರ್ಡ್ ಮೋಟಾರಿನ ಬಗ್ಗೆ ನಾಲ್ಕು ಪತ್ರಗಳು ಬಂದಿವೆ. ನಾಲ್ಕರ ದೂರೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಮೊದಲ ಪತ್ರಕ್ಕೆ ವಿವರವಾಗಿ ಉತ್ತರಿಸಿ, ಉಳಿದವುಗಳಲ್ಲಿ ಹೊಸದಾಗಿ ಹೇಳಬೇಕಾದುದನ್ನಷ್ಟೇ ಹೇಳಿದ್ದೇನೆ.

ಪ್ರಶ್ನೆ: ಮುನಿರಾಬಾದ್ ಸಮೀಪದ ತುಂಗಭದ್ರಾ ಹಿನ್ನೀರಿನಲ್ಲಿ ಮೀನು ಹಿಡಿಯುವ ನಮ್ಮ ದೋಣಿಗೆ ಎರಡು ಸಿಲಿಂಡರಿನ, 15 ಎಚ್‌ಪಿಯ ಟು-ಸ್ಟ್ರೋಕ್ ಮೋಟಾರು ಇದೆ. ಕೊಂಡು 18 ವರ್ಷಗಳಾದವು. ಬೆಳಗಿನ ಜಾವ ಅದನ್ನು ಎಬ್ಬಿಸಲು 25–30 ಸಲ ಹಗ್ಗ ಎಳೆಯಬೇಕಾಗುತ್ತದೆ. ಒಮ್ಮೆ ಎದ್ದಿತೆಂದರೆ ಮಧ್ಯಾಹ್ನದವರೆಗೆ ಎಷ್ಟು ಸಲ ನಿಲ್ಲಿಸಿದರೂ ಒಂದೇ ಎಳೆತಕ್ಕೆ ಏಳುತ್ತದೆ. ಪ್ಲಗ್ಗುಗಳನ್ನು ಎರಡು ಸಲ ಬದಲಿಸಿದೆವು. ಮೆಕ್ಯಾನಿಕ್ ಒಬ್ಬರು ಕಾರ್ಬುರೇಟರಿನ ಸ್ಕ್ರೂ ತಿರುಗಿಸಿ ಕೊಟ್ಟರೂ ಗುಣವಾಗಲಿಲ್ಲ. ಇದು ಚಳಿಗಾಲದ ತೊಂದರೆಯೇ? ಹೊಸ ಕಾರ್ಬುರೇಟರ್ ಹಾಕಿಸಬೇಕೆ?

ಉತ್ತರ: ಕಾರ್ಬುರೇಟರಿಗೆ ಈಗಲೇ ಹಣ ಹಾಕಬೇಡಿ. ಚಳಿಯನ್ನೂ ದೂರಬೇಡಿ. ನಮ್ಮ ಭಾಗದಲ್ಲಿ ಡಿಸೆಂಬರ್–ಜನವರಿಯ ನಸುಕಿನಲ್ಲಿ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ ಇಳಿಯಬಹುದು. ಹಿಮ ಬೀಳುವ ನಾಡುಗಳಲ್ಲಿಯೂ ಇಂಥವೇ ಮೋಟಾರುಗಳು ನಾಲ್ಕಾರು ಎಳೆತಕ್ಕೆ ಏಳುತ್ತವೆ. ಎಂಜಿನ್ನಿನ ಮಟ್ಟಿಗೆ ತಣ್ಣಗಿರುವುದೆಂದರೆ ರಾತ್ರಿಯಿಡೀ ನಿಂತು ಸುತ್ತಲಿನ ಗಾಳಿಯಷ್ಟೇ ಬಿಸಿಗೆ ಇಳಿದಿರುವುದು. ಆ ಅರ್ಥದಲ್ಲಿ ನಿಮ್ಮ ಮೋಟಾರು ಮೇ ತಿಂಗಳ ಬೆಳಿಗ್ಗೆಯೂ ತಣ್ಣಗೇ ಇರುತ್ತದೆ, ಮತ್ತು ನೀವು ಗಮನಿಸಿದರೆ ಆಗಲೂ ಇದೇ ತಕರಾರು ಸ್ವಲ್ಪ ಕಡಿಮೆ ಪ್ರಮಾಣದಲ್ಲಿ ಕಂಡುಬಂದೀತು.

ಬಿಸಿಯಾದ ಮೇಲೆ ಒಂದೇ ಎಳೆತಕ್ಕೆ ಏಳುತ್ತದೆ ಎಂಬ ನಿಮ್ಮ ಮಾತೇ ಈ ಪತ್ರದಲ್ಲಿ ಬಹಳ ಬೆಲೆಯುಳ್ಳ ಮಾತು. ದ್ರವರೂಪದ ಪೆಟ್ರೋಲ್ ಉರಿಯುವುದಿಲ್ಲ. ಅದು ಆವಿಯಾಗಿ ಗಾಳಿಯೊಂದಿಗೆ ಬೆರೆತಾಗ ಮಾತ್ರ ಕಿಡಿಗೆ ಹೊತ್ತಿಕೊಳ್ಳುತ್ತದೆ. ಎಂಜಿನ್ ಬಿಸಿಯಿದ್ದಾಗ ಒಂದು ಭಾಗ ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಸಾಕಾಗುತ್ತದೆ. ತಣ್ಣಗಿರುವಾಗ ಪೆಟ್ರೋಲಿನ ಬಹುಪಾಲು ಆವಿಯಾಗದೆ ಲೋಹದ ಗೋಡೆಗಳಿಗೆ ಅಂಟಿ ಉಳಿಯುವುದರಿಂದ, ಹೊತ್ತಿಕೊಳ್ಳುವಷ್ಟು ಆವಿ ದೊರೆಯಬೇಕಾದರೆ ಪೆಟ್ರೋಲನ್ನು ಹಲವು ಪಟ್ಟು ಹೆಚ್ಚಾಗಿಯೇ ಉಣಿಸಬೇಕಾಗುತ್ತದೆ. ಅದರಲ್ಲೂ ಟು-ಸ್ಟ್ರೋಕ್ ಎಂಜಿನ್ನಿನಲ್ಲಿ ಮಿಶ್ರಣವು ನೇರವಾಗಿ ಸಿಲಿಂಡರಿಗೆ ಹೋಗದೆ ಮೊದಲು ಕ್ರ್ಯಾಂಕ್ ಇರುವ ಕೆಳಗಿನ ಕೋಣೆಯನ್ನು ಹಾದುಹೋಗುವುದರಿಂದ ದಾರಿಯಲ್ಲಿ ಅಂಟಿಕೊಳ್ಳುವ ಪಾಲು ಇನ್ನೂ ಹೆಚ್ಚು. ಹೀಗೆ ಹೆಚ್ಚುವರಿಯಾಗಿ ಉಣಿಸುವ ಕೆಲಸಕ್ಕೇ ಚೋಕ್ ಇರುವುದು. ಹಳೆಯ ಸ್ಕೂಟರನ್ನು ಬೆಳಿಗ್ಗೆ ಒಂದು ಪಕ್ಕಕ್ಕೆ ವಾಲಿಸಿ, ಆಮೇಲೆ ಕಿಕ್ ಹೊಡೆಯುತ್ತಿದ್ದುದನ್ನು ನೀವು ನೋಡಿರುತ್ತೀರಿ. ಹಾಗೆ ವಾಲಿಸಿದಾಗ ಕಾರ್ಬುರೇಟರಿನ ಬಟ್ಟಲಿನಿಂದ ಒಂದಿಷ್ಟು ಪೆಟ್ರೋಲ್ ತುಳುಕಿ ಒಳಗೆ ಹೋಗುತ್ತಿತ್ತು, ಅಂದರೆ ಚೋಕ್ ಮಾಡಬೇಕಾದ ಕೆಲಸವನ್ನು ಸವಾರರು ಕೈಯಿಂದ ಮಾಡುತ್ತಿದ್ದರು.

ಆದ್ದರಿಂದ ನಿಮ್ಮ ಮೋಟಾರಿನ ಮುಖ್ಯ ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ರಂಧ್ರ), ಕಿಡಿಯ ಹೊತ್ತು, ಮೂಲ ಹೊಂದಾಣಿಕೆ ಇವೆಲ್ಲ ಬಹುಮಟ್ಟಿಗೆ ಸರಿಯಾಗಿಯೇ ಇವೆ. ತಣ್ಣಗಿರುವಾಗ ಮಾತ್ರ ಬೇಕಾಗುವ ಯಾವುದೋ ಒಂದು ಕೊಂಡಿ ಕಳಚಿದೆ. (ಇದಕ್ಕೆ ವಿರುದ್ಧವಾಗಿ, ತಣ್ಣಗಿದ್ದಾಗ ಎದ್ದು ಬಿಸಿಯಾದ ಮೇಲೆ ಏಳದ ಮೋಟಾರುಗಳೂ ಇವೆ, ಅವುಗಳಲ್ಲಿ ಕಿಡಿಗೆ ವಿದ್ಯುತ್ ಒದಗಿಸುವ, ಬಿಸಿಗೆ ಕೈಕೊಡುವ ಕಾಯಿಲ್ ಮೇಲೆ ಮೊದಲ ಅನುಮಾನ.)

ಆ ಕೊಂಡಿ ಯಾವುದೆಂದು ಹುಡುಕಲು ಒಂದು ಸುಲಭದ ಪರೀಕ್ಷೆಯಿದೆ. ನಾಳೆ ಬೆಳಿಗ್ಗೆ ಚೋಕ್ ಪೂರ್ತಿ ಎಳೆದು ಎಂಟು–ಹತ್ತು ಸಲ ಹಗ್ಗ ಎಳೆಯಿರಿ. ಏಳದಿದ್ದರೆ ಹಠ ಹಿಡಿದು ಎಳೆಯುತ್ತಲೇ ಇರದೆ, ಎರಡೂ ಪ್ಲಗ್ಗುಗಳನ್ನು ಬಿಚ್ಚಿ ತುದಿಯನ್ನು ನೋಡಿರಿ. ತುದಿ ಒಣಗಿದ್ದರೆ ಪೆಟ್ರೋಲ್ ಸಿಲಿಂಡರಿನವರೆಗೆ ತಲುಪಿಲ್ಲ. ಟ್ಯಾಂಕಿನಿಂದ ಚೋಕ್‌ವರೆಗಿನ ದಾರಿಯನ್ನು ನೋಡಬೇಕು. ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಕಿಡಿ ಸಾಲದು ಅಥವಾ ಪೆಟ್ರೋಲೇ ಕೆಟ್ಟಿದೆ. ಒಂದು ಒದ್ದೆಯಾಗಿ ಇನ್ನೊಂದು ಒಣಗಿದ್ದರೆ ಆ ಒಣಗಿದ ಸಿಲಿಂಡರಿನ ರೀಡ್ ವಾಲ್ವ್ (ಮಿಶ್ರಣವನ್ನು ಒಳಕ್ಕೆ ಬಿಟ್ಟು ಹಿಂದಕ್ಕೆ ಬಿಡದ ಎಲೆಯಂಥ ಕವಾಟ) ಅಥವಾ ಕ್ರ್ಯಾಂಕ್ ಸೀಲ್ ಕಡೆಗೆ ಗಮನ ಹರಿಸಬೇಕು. ಈ ಐದು ನಿಮಿಷದ ಕೆಲಸವನ್ನು ಬಿಟ್ಟು ಪ್ಲಗ್ ಬದಲಿಸುವುದು, ಸ್ಕ್ರೂ ತಿರುಗಿಸುವುದು ಎಲ್ಲವೂ ಕತ್ತಲೆಯಲ್ಲಿ ಕೈಯಾಡಿಸಿದಂತೆಯೇ.

ನಾನು ಮೊದಲು ಅನುಮಾನಿಸುವುದು ನಿಮ್ಮ ಪೆಟ್ರೋಲನ್ನೇ. ಜುಲೈ–ಆಗಸ್ಟಿನಲ್ಲಿ ತುಂಬುವ ತುಂಗಭದ್ರಾ ಜಲಾಶಯ ಬೇಸಿಗೆಯ ಹೊತ್ತಿಗೆ ಎಷ್ಟು ಇಳಿಯುತ್ತದೆ ಎಂಬುದು ನಿಮಗೆ ಹೇಳಬೇಕಾದ ಮಾತಲ್ಲ. ನೀರು ಹಿಂದೆ ಸರಿದ ಆ ತಿಂಗಳುಗಳಲ್ಲಿ ಹಿನ್ನೀರಿನ ಅನೇಕ ದೋಣಿಗಳು ದಡದಲ್ಲಿರುತ್ತವೆ. ಎಣ್ಣೆ ಬೆರೆಸಿದ ಪೆಟ್ರೋಲ್ ಟ್ಯಾಂಕಿನಲ್ಲಿಯೇ ಉಳಿದು 40 ಡಿಗ್ರಿ ಮೀರಿದ ಬಿಸಿಲನ್ನು ಉಣ್ಣುತ್ತದೆ. ಪೆಟ್ರೋಲ್ ಒಂದೇ ಪದಾರ್ಥವಲ್ಲ. ಬೇಗ ಆವಿಯಾಗುವ ಹಗುರ ಅಂಶಗಳೂ ನಿಧಾನವಾಗಿ ಆವಿಯಾಗುವ ಭಾರದ ಅಂಶಗಳೂ ಅದರಲ್ಲಿ ಬೆರೆತಿರುತ್ತವೆ. ತಣ್ಣನೆಯ ಎಂಜಿನ್ನನ್ನು ಎಬ್ಬಿಸುವುದು ಆ ಹಗುರ ಅಂಶಗಳು, ಮತ್ತು ಬಿಸಿಲಿಗೆ ಮೊದಲು ಹಾರಿಹೋಗುವುದೂ ಅವೇ. ಹಾಗಾಗಿ ಬೇಸಿಗೆ ಕಳೆದ ಪೆಟ್ರೋಲ್ ನೋಡಲು ಪೆಟ್ರೋಲಿನಂತೆಯೇ ಇರುತ್ತದೆ, ಬಿಸಿ ಎಂಜಿನ್ನಿನಲ್ಲಿ ಚೆನ್ನಾಗಿಯೇ ಉರಿಯುತ್ತದೆ, ಬೆಳಗಿನ ಹೊತ್ತು ಮಾತ್ರ ಕೈಕೊಡುತ್ತದೆ.

ಇದರ ಜೊತೆಗೆ ಎಥನಾಲಿನ ಸಂಗತಿಯೂ ಇದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಈಗ ಬಂಕುಗಳಲ್ಲಿ ಸಾಮಾನ್ಯವಾಗಿದೆ. ಎಥನಾಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ನೀರಿನ ಮೇಲೆಯೇ ಇರುವ, ಅರ್ಧ ಖಾಲಿಯಾದ ಟ್ಯಾಂಕಿನಲ್ಲಿ ತೇವ ಒಂದು ಮಿತಿಯನ್ನು ಮೀರಿದಾಗ ನೀರು ಮತ್ತು ಎಥನಾಲ್ ಒಟ್ಟಾಗಿ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಟ್ಯಾಂಕಿನ ಪೈಪು ಹೀರುವುದೂ ತಳದಿಂದಲೇ. ನೀವು ಬೆರೆಸಿದ ಎಣ್ಣೆ ಮೇಲಿನ ಪೆಟ್ರೋಲಿನೊಂದಿಗೆ ಉಳಿಯುವುದರಿಂದ, ಕೆಳಗಿನ ಆ ಪದರ ಎಂಜಿನ್ನಿಗೆ ಹೋದರೆ ಸ್ಟಾರ್ಟ್ ಆಗದಿರುವುದಷ್ಟೇ ಅಲ್ಲ, ಬೇರಿಂಗು ಮತ್ತು ಪಿಸ್ಟನ್ನುಗಳು ಎಣ್ಣೆಯಿಲ್ಲದೆ ತಿರುಗಬೇಕಾಗುತ್ತದೆ. ಟ್ಯಾಂಕಿನ ತಳದಿಂದ ಒಂದು ಲೋಟದಷ್ಟನ್ನು ಬಿಳಿಯ ಗಾಜಿನ ಸೀಸೆಗೆ ತೆಗೆದು ಒಂದು ಗಂಟೆ ಅಲುಗಿಸದೆ ಇಡಿ. ನಡುವೆ ಗೆರೆ ಕಾಣಿಸಿದರೆ, ಅಥವಾ ಮಬ್ಬಾಗಿದ್ದರೆ, ಇಡೀ ಟ್ಯಾಂಕನ್ನು ಖಾಲಿ ಮಾಡಿ ತೊಳೆದು ಹೊಸದಾಗಿ ತುಂಬಿಸಿ. ಹಳೆಯದನ್ನು ದಯವಿಟ್ಟು ಹಿನ್ನೀರಿಗೆ ಚೆಲ್ಲಬೇಡಿ. ಆ ನೀರನ್ನೇ ಎಷ್ಟೋ ಊರುಗಳು ಕುಡಿಯುತ್ತವೆ.

ಹೊಸ ಪೆಟ್ರೋಲಿಗೂ ಬಗ್ಗದಿದ್ದರೆ ಪೈಪಿನ ನಡುವಿನ ರಬ್ಬರ್ ಬಲ್ಬನ್ನು ನೋಡಿರಿ. ಟು-ಸ್ಟ್ರೋಕ್ ಔಟ್‌ಬೋರ್ಡಿನ ಪೆಟ್ರೋಲ್ ಪಂಪು ಕ್ರ್ಯಾಂಕ್ ಕೋಣೆಯ ಒತ್ತಡದ ಏರಿಳಿತದಿಂದ ಮಿಡಿಯುವ ಒಂದು ತೆಳುವಾದ ಡಯಾಫ್ರಮ್. ಕೈಯಿಂದ ಹಗ್ಗ ಎಳೆಯುವ ನಿಧಾನ ವೇಗದಲ್ಲಿ ಆ ಮಿಡಿತ ಬಹಳ ದುರ್ಬಲವಾಗಿರುವುದರಿಂದ, ಕಾರ್ಬುರೇಟರಿನ ಬಟ್ಟಲು ಮೊದಲೇ ತುಂಬಿರಬೇಕು. ಅದನ್ನು ತುಂಬಿಸುವುದೇ ಬಲ್ಬಿನ ಕೆಲಸ. ಬಲ್ಬಿನ ಮೇಲಿನ ಬಾಣದ ಗುರುತು ಮೋಟಾರಿನ ಕಡೆಗಿರಬೇಕು, ಬಾಣದ ತುದಿ ಮೇಲಾಗುವಂತೆ ನೆಟ್ಟಗೆ ಹಿಡಿದು ಹಿಂಡಿದರೆ ಒಳಗಿನ ಕವಾಟಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಆರೆಂಟು ಹಿಂಡಿಗೆ ಅದು ಗಟ್ಟಿಯಾಗಬೇಕು. ಎಷ್ಟು ಹಿಂಡಿದರೂ ಮೆತ್ತಗೇ ಉಳಿದರೆ ಎಲ್ಲಿಯೋ ಗಾಳಿ ಎಳೆಯುತ್ತಿದೆ: ಪೈಪು ಮೋಟಾರಿಗೆ ಸಿಕ್ಕಿಸುವ ಕನೆಕ್ಟರಿನ ಒಳಗಿನ ಸಣ್ಣ ರಬ್ಬರ್ ಉಂಗುರ ಇದರಲ್ಲಿ ಹಳೆಯ ಆರೋಪಿ. ಗಟ್ಟಿಯಾಗುವ ಬದಲು ಕಾರ್ಬುರೇಟರಿನ ಬಾಯಿಯಿಂದ ಪೆಟ್ರೋಲ್ ಸುರಿದರೆ, ಬಟ್ಟಲು ತುಂಬಿದಾಗ ದಾರಿ ಮುಚ್ಚಬೇಕಾದ ಫ್ಲೋಟಿನ ಸೂಜಿ ಮುಚ್ಚಿಕೊಳ್ಳುತ್ತಿಲ್ಲ. ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿ ಸ್ಕ್ರೂ ತೆರೆದಿದೆಯೇ ಎಂಬುದನ್ನೂ ಪರೀಕ್ಷಿಸಿ. ಇದನ್ನು ಬರೆಯಲು ಸಂಕೋಚವಾಗುತ್ತದೆ, ಆದರೆ ದೂರದಿಂದ ಹೊತ್ತು ತಂದ ಮೋಟಾರುಗಳಲ್ಲಿ ಕಾಯಿಲೆ ಇದೇ ಆಗಿದ್ದುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ.

ಅನಂತರ ಚೋಕ್. ಗುಬುಟನ್ನು ಎಳೆದರೆ ಚೋಕ್ ಬಿತ್ತು ಎಂದು ನಂಬಬೇಡಿ. ಮೇಲಿನ ಹೊದಿಕೆಯನ್ನು ತೆಗೆದು, ಒಬ್ಬರು ಗುಬುಟನ್ನು ಎಳೆಯುತ್ತಿರುವಾಗ ಇನ್ನೊಬ್ಬರು ಕಾರ್ಬುರೇಟರಿನ ಬಾಯಿಯನ್ನು ನೋಡಬೇಕು. ಒಳಗಿನ ತಟ್ಟೆ ಬಾಯಿಯನ್ನು ಪೂರ್ತಿಯಾಗಿ ಮುಚ್ಚಬೇಕು. ಹದಿನೆಂಟು ವರ್ಷಗಳ ಮೋಟಾರಿನಲ್ಲಿ ಕಡ್ಡಿ ಬಾಗಿ, ಪ್ಲಾಸ್ಟಿಕ್ ಕೊಂಡಿ ಸವೆದು ತಟ್ಟೆ ಮುಕ್ಕಾಲು ಭಾಗ ಮಾತ್ರ ಮುಚ್ಚುವುದು ತೀರ ಸಾಮಾನ್ಯ, ಮತ್ತು ಉಳಿದ ಆ ಕಾಲು ಭಾಗದ ಸಂದಿಯೇ ನಿಮ್ಮ 25 ಎಳೆತಗಳಿಗೆ ಸಾಕು. 40 ಎಚ್‌ಪಿಯಂಥ ದೊಡ್ಡ ಮೋಟಾರುಗಳಲ್ಲಿ ಎರಡು ಕಾರ್ಬುರೇಟರುಗಳಿದ್ದರೆ ಎರಡೂ ತಟ್ಟೆಗಳು ಒಟ್ಟಿಗೆ ಮುಚ್ಚುತ್ತವೆಯೇ ಎಂಬುದನ್ನು ನೋಡಬೇಕು. ಒಂದು ಪ್ರಯೋಗ ಮಾಡಿ: ಮೋಟಾರು ತಣ್ಣಗಿರುವಾಗ, ನ್ಯೂಟ್ರಲಿನಲ್ಲಿಟ್ಟು, ಒಬ್ಬರು ಅಂಗೈಯಿಂದ ಕಾರ್ಬುರೇಟರಿನ ಬಾಯಿಯನ್ನು ಮುಚ್ಚಿ ಹಿಡಿದು ಇನ್ನೊಬ್ಬರು ಎರಡು ಸಲ ಎಳೆಯಲಿ. ಹಾಗೆ ಮಾಡಿದಾಗ ಎದ್ದರೆ ಅಪರಾಧಿ ಚೋಕ್ ತಟ್ಟೆಯೇ. ಕೈ ಫ್ಲೈವೀಲಿನ ಹತ್ತಿರ ಹೋಗದಂತೆ, ತೋಳಿನ ಬಟ್ಟೆ ಜೋತುಬೀಳದಂತೆ ಎಚ್ಚರವಿರಲಿ.

ಚೋಕ್ ಸರಿಯಿದ್ದೂ ಪ್ಲಗ್ ಒಣಗಿಯೇ ಇದ್ದರೆ ಆಗ ಕಾರ್ಬುರೇಟರನ್ನು ಬಿಚ್ಚಬೇಕು. ಬದಲಿಸಲು ಅಲ್ಲ, ತೊಳೆಯಲು. ಪೆಟ್ರೋಲ್ ಒಣಗಿ ಉಳಿದ ಅಂಟು ಮೊದಲು ಮುಚ್ಚುವುದು ನಿಧಾನ ವೇಗದ ಸಣ್ಣ ಜೆಟ್ಟನ್ನು. ಸ್ಟಾರ್ಟ್ ಮಾಡುವಾಗ ಮಿಶ್ರಣ ಹೋಗುವುದು ಮುಖ್ಯವಾಗಿ ಅದರ ದಾರಿಯಿಂದಲೇ. ಕಾರ್ಬುರೇಟರ್ ಕ್ಲೀನರಿನಲ್ಲಿ ನೆನೆಸಿ ಗಾಳಿ ಊದಿಸಿ ತೆಗೆಸಿ. ತಂತಿ, ಸೂಜಿ ಹಾಕಿ ಕೆದಕಿದರೆ ರಂಧ್ರ ಹಿಗ್ಗಿ, ಕಾರ್ಬುರೇಟರನ್ನು ನಿಜವಾಗಿಯೂ ಬದಲಿಸಬೇಕಾದ ಸ್ಥಿತಿ ಬರುತ್ತದೆ. ನಿಮ್ಮ ಮೆಕ್ಯಾನಿಕ್ ತಿರುಗಿಸಿದ ಸ್ಕ್ರೂವನ್ನು ಮೆಲ್ಲಗೆ ತಳ ಮುಟ್ಟುವವರೆಗೆ ಒಳಗೆ ತಿರುಗಿಸುತ್ತ ಎಷ್ಟು ಸುತ್ತು ಎಂದು ಎಣಿಸಿ ಬರೆದಿಟ್ಟುಕೊಂಡು, ಆಮೇಲೆ ಮೋಟಾರಿನ ಪುಸ್ತಕದಲ್ಲಿ ಹೇಳಿದಷ್ಟು ಸುತ್ತು ಹೊರಕ್ಕೆ ಬಿಡಿಸಿ. ತಳ ಮುಟ್ಟಿದ ಮೇಲೆ ಬಿಗಿ ಮಾಡಿದರೆ ಸ್ಕ್ರೂವಿನ ಮೊನೆಗೆ ಗೆರೆ ಬಿದ್ದು ಯಾವ ಹೊಂದಾಣಿಕೆಯೂ ನಿಲ್ಲುವುದಿಲ್ಲ.

ಪ್ಲಗ್ ಒದ್ದೆಯಾಗಿದ್ದರೆ ಕಿಡಿಯ ವಿಚಾರಣೆ. ಪ್ಲಗ್ಗನ್ನು ಬಿಚ್ಚಿ ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿನ ಬರಿಯ ಲೋಹಕ್ಕೆ ಗಟ್ಟಿಯಾಗಿ ತಾಗಿಸಿಟ್ಟು, ಪ್ಲಗ್ಗಿನ ತೂತಿನಿಂದ ದೂರದಲ್ಲಿ, ಚೆಲ್ಲಿದ ಪೆಟ್ರೋಲನ್ನು ಒರೆಸಿದ ಮೇಲೆಯೇ ಹಗ್ಗ ಎಳೆಯಿರಿ. ದಾರ ಕಟ್ಟಿದ ಎಮರ್ಜೆನ್ಸಿ ಕ್ಲಿಪ್ (ಕಳಚಿದರೆ ಮೋಟಾರನ್ನು ನಿಲ್ಲಿಸುವಂಥದು) ತನ್ನ ಜಾಗದಲ್ಲಿರಲಿ, ಇಲ್ಲದಿದ್ದರೆ ಕಿಡಿಯೇ ಬರುವುದಿಲ್ಲ. ನೀಲಿ ಬಣ್ಣದ, ಚಟಚಟ ಸದ್ದಿನ ಕಿಡಿ ಬೇಕು. ಹಳದಿಯಾಗಿ ತೆಳ್ಳಗಿದ್ದರೆ ಸಾಲದು. ಇಲ್ಲಿ ಒಂದು ಸೂಕ್ಷ್ಮವಿದೆ. ಫ್ಲೈವೀಲಿನ ಕೆಳಗಿರುವ ಚಾರ್ಜ್ ಕಾಯಿಲ್ ವಯಸ್ಸಾದಂತೆ ದುರ್ಬಲವಾದರೆ, ಕಡಿಮೆ ವೇಗದಲ್ಲಿ ಅದು ಸಾಕಷ್ಟು ವಿದ್ಯುತ್ ಹುಟ್ಟಿಸುವುದಿಲ್ಲ. ಬಿಸಿ ಎಂಜಿನ್ ಹಗುರವಾಗಿ ತಿರುಗುತ್ತದೆ, ಮತ್ತು ಅದಕ್ಕೆ ಸಣ್ಣ ಕಿಡಿಯೂ ಸಾಕು. ತಣ್ಣಗಿರುವಾಗ ಎಣ್ಣೆ ಮಂದವಾಗಿ, ಎಳೆಯುವವರ ತೋಳೂ ಸೋತಿರುವಾಗ ಅದೇ ಕಾಯಿಲ್ ಕೈಚೆಲ್ಲುತ್ತದೆ. ದೋಣಿಯ ಬಲಿಷ್ಠ ಹುಡುಗ ಎಳೆದರೆ ಏಳುತ್ತದೆ, ಯಜಮಾನರು ಎಳೆದರೆ ಏಳುವುದಿಲ್ಲ ಎಂಬ ದೂರು ಬಂದಲ್ಲಿ ನಾನು ಮೊದಲು ಮಲ್ಟಿಮೀಟರ್ ಹಿಡಿದು ಈ ಕಾಯಿಲಿನ ರೋಧವನ್ನು ಪುಸ್ತಕದಲ್ಲಿ ಕೊಟ್ಟಿರುವ ಅಂಕಿಯೊಂದಿಗೆ ಹೋಲಿಸುತ್ತೇನೆ. ಇನ್ನೂ ಹಳೆಯ, ಪಾಯಿಂಟ್ (ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಲೋಹದ ಸಂಪರ್ಕ) ಇರುವ ಮೋಟಾರಾಗಿದ್ದರೆ ಪಾಯಿಂಟುಗಳನ್ನು ಸ್ವಚ್ಛಗೊಳಿಸಿ ಅಂತರ ಸರಿಪಡಿಸಿದರೆ ಬಹಳ ಸಲ ಅಷ್ಟಕ್ಕೇ ಗುಣವಾಗುತ್ತದೆ.

ಪ್ಲಗ್ಗುಗಳನ್ನು ಎರಡು ಸಲ ಬದಲಿಸಿದೆವು ಎಂದಿದ್ದೀರಿ, ಯಾವ ಸಂಖ್ಯೆಯವು ಎಂದು ಬರೆದಿಲ್ಲ. ಎನ್‌ಜಿಕೆ ಕಂಪನಿಯ ಪ್ಲಗ್ಗುಗಳಲ್ಲಿ ನಡುವಿನ ಅಂಕಿ ದೊಡ್ಡದಾದಷ್ಟೂ ಪ್ಲಗ್ ಹೆಚ್ಚು ತಂಪಾಗಿ ಕೆಲಸ ಮಾಡುತ್ತದೆ. ಅಂಗಡಿಯಲ್ಲಿ 7ರ ಬದಲು 9 ಕೊಟ್ಟಿದ್ದರೆ ಅದು ನಿಧಾನ ವೇಗದಲ್ಲಿ ಮಸಿ ಹಿಡಿದು ಬೆಳಗಿನ ಕಿಡಿಯನ್ನು ತಿನ್ನುತ್ತದೆ. ಹೆಸರಿನ ಕೊನೆಯಲ್ಲಿ 10 ಎಂದಿದ್ದರೆ ಕಿಡಿಯ ಅಂತರ 1.0 ಮಿ.ಮೀ. ಇರಬೇಕೆಂದು ಅರ್ಥ.

ಇಷ್ಟೆಲ್ಲ ಆದ ಮೇಲೆಯೂ ಉಳಿದರೆ ಒಳಗಿನ ಸವೆತ. ಎರಡೂ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು, ಕಿಡಿಯ ತಂತಿಗಳನ್ನು ಲೋಹಕ್ಕೆ ತಾಗಿಸಿಟ್ಟು ಕಂಪ್ರೆಷನ್ ಅಳೆಯಬೇಕು. ಎರಡು ಸಿಲಿಂಡರುಗಳ ನಡುವೆ ಶೇ 10ಕ್ಕಿಂತ ಹೆಚ್ಚಿನ ವ್ಯತ್ಯಾಸ ಬಂದರೆ ರಿಂಗುಗಳನ್ನು ನೋಡಿಸಬೇಕು. ಕಂಪ್ರೆಷನ್ ಸರಿಯಿದ್ದೂ ಒಂದೇ ಪ್ಲಗ್ ಒಣಗುತ್ತಿದ್ದರೆ ಕ್ರ್ಯಾಂಕಿನ ಆಯಿಲ್ ಸೀಲ್ ಗಾಳಿ ಎಳೆಯುತ್ತಿರಬಹುದು. ಕಾರ್ಬುರೇಟರಿನ ಬಾಯಿಯಿಂದ ಪೆಟ್ರೋಲ್ ಹೊಗೆಯಂತೆ ಹಿಂದಕ್ಕೆ ಉಗುಳುತ್ತಿದ್ದರೆ ರೀಡ್ ವಾಲ್ವಿನ ಎಲೆ ಮುರಿದಿರಬಹುದು. ಇವೆರಡೂ ಮನೆಯಲ್ಲಿ ಮಾಡುವ ಕೆಲಸಗಳಲ್ಲ. ದಡದಲ್ಲಿ ಪರೀಕ್ಷಿಸುವಾಗ ಮೋಟಾರಿನ ಕೆಳಭಾಗ, ನೀರು ಹೀರುವ ಜಾಲರಿ ಮುಳುಗುವಷ್ಟು, ಡ್ರಮ್ಮಿನ ನೀರಿನಲ್ಲಿರಲಿ. ಒಣಗಿದ್ದಾಗ ಓಡಿಸಿದರೆ ನೀರಿನ ಪಂಪಿನ ರಬ್ಬರ್ ಚಕ್ರ ಸೆಕೆಂಡುಗಳಲ್ಲಿ ಸುಟ್ಟುಹೋಗುತ್ತದೆ.

ಪ್ರಶ್ನೆ: ಲಿಂಗಸುಗೂರು ತಾಲ್ಲೂಕಿನ ಕೃಷ್ಣಾ ತೀರದವರು ನಾವು. ಕಳೆದ ವರ್ಷ ಮಲ್ಪೆಯ ಕಡೆಯಿಂದ ಹಳೆಯ ಮೋಟಾರೊಂದನ್ನು ತರಿಸಿದೆವು. ಅದು ಸೀಮೆಎಣ್ಣೆಯ ಮೋಟಾರು ಎಂದು ಮಾರಿದವರು ಹೇಳಿದ್ದರು. ಸೀಮೆಎಣ್ಣೆಯಲ್ಲಿ ಓಡಿಸಿದ ಮರುದಿನ ಬೆಳಿಗ್ಗೆ ಏನು ಮಾಡಿದರೂ ಏಳುವುದಿಲ್ಲ. ಪೆಟ್ರೋಲಿನಲ್ಲಿಯೇ ಓಡಿಸಬಹುದೇ?

ಉತ್ತರ: ಮಾರಿದವರು ಹೇಳಿದ್ದು ಅರ್ಧ ಮಾತು. ಕರಾವಳಿಯ ನಾಡದೋಣಿಗಳಿಗೆ ರಿಯಾಯಿತಿ ದರದ ಸೀಮೆಎಣ್ಣೆ ದೊರೆಯುತ್ತಿದ್ದುದರಿಂದ ಅಲ್ಲಿ ಈ ಬಗೆಯ ಮೋಟಾರುಗಳು ಬಹಳ. ಆದರೆ ಅವು ಸೀಮೆಎಣ್ಣೆಯಿಂದ ಶುರುವಾಗುವುದಿಲ್ಲ. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗಿದ್ದಾಗಲೂ ಹೊತ್ತಿಕೊಳ್ಳುವಷ್ಟು ಆವಿಯನ್ನು ಕೊಡುತ್ತದೆ. ಸೀಮೆಎಣ್ಣೆಗೆ ಸೊನ್ನೆಯ ಮೇಲೆ 35 ಡಿಗ್ರಿಗೂ ಹೆಚ್ಚಿನ ಬಿಸಿ ಬೇಕು. ಆದ್ದರಿಂದ ಈ ಮೋಟಾರುಗಳಿಗೆ ಎರಡು ಟ್ಯಾಂಕು, ನಡುವೆ ಒಂದು ಕಾಕ್ ಇರುತ್ತದೆ: ಪೆಟ್ರೋಲಿನಲ್ಲಿ ಎಬ್ಬಿಸಿ, ಎಂಜಿನ್ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು ಕ್ರಮ. ಕರಾವಳಿಯವರಿಗೆ ರೂಢಿಯಾಗಿದ್ದು, ನಿಮಗೆ ಯಾರೂ ಹೇಳದೆ ಬಿಟ್ಟಿದ್ದು ಇದರ ಇನ್ನೊಂದು ತುದಿ. ದಡ ಸೇರುವ ಮೂರು–ನಾಲ್ಕು ನಿಮಿಷ ಮೊದಲೇ ಕಾಕನ್ನು ಮತ್ತೆ ಪೆಟ್ರೋಲಿಗೆ ತಿರುಗಿಸಿ, ಪೈಪು ಮತ್ತು ಬಟ್ಟಲಿನಲ್ಲಿರುವ ಸೀಮೆಎಣ್ಣೆ ಉರಿದು ಮುಗಿದು ಪೆಟ್ರೋಲ್ ತುಂಬಿಕೊಂಡ ಮೇಲೆಯೇ ನಿಲ್ಲಿಸಬೇಕು. ಹಾಗೆ ಮಾಡದಿದ್ದರೆ ಮರುದಿನ ಬೆಳಿಗ್ಗೆ ಕಾಕ್ ಪೆಟ್ರೋಲಿನ ಕಡೆಗಿದ್ದರೂ ಕಾರ್ಬುರೇಟರಿನಲ್ಲಿರುವುದು ತಣ್ಣನೆಯ ಸೀಮೆಎಣ್ಣೆಯೇ. ಮರೆತಿದ್ದರೆ ಬಟ್ಟಲಿನ ತಳದ ಸ್ಕ್ರೂ ಬಿಡಿಸಿ ಅದನ್ನು ಹೊರಗೆ ಹರಿಸಿ, ಪ್ಲಗ್ ಒರೆಸಿ, ಬಲ್ಬ್ ಹಿಂಡಿ ಪೆಟ್ರೋಲ್ ತುಂಬಿಸಿಕೊಂಡು ಎಳೆಯಿರಿ.

ಪೆಟ್ರೋಲಿನಲ್ಲಿಯೇ ಓಡಿಸುವುದರಿಂದ ಇಂಥ ಮೋಟಾರಿಗೆ ಅಪಾಯವಿಲ್ಲ, ಖರ್ಚು ನಿಮ್ಮ ಲೆಕ್ಕ. ಪೆಟ್ರೋಲಿಗೆಂದೇ ಮಾಡಿದ ಮೋಟಾರಿಗೆ ಸೀಮೆಎಣ್ಣೆ ಹಾಕುವುದು ಮಾತ್ರ ಸಲ್ಲದು. ಸೀಮೆಎಣ್ಣೆಯ ಮೋಟಾರುಗಳನ್ನು ಕಡಿಮೆ ಒತ್ತಡಕ್ಕೆ ಹೊಂದುವಂತೆ ಮಾಡಿರುತ್ತಾರೆ. ಹೆಚ್ಚಿನ ಒತ್ತಡದ ಎಂಜಿನ್ನಿನಲ್ಲಿ ಅದು ಹೊತ್ತಿಗೆ ಮುಂಚೆಯೇ ಸಿಡಿದು ಪಿಸ್ಟನ್ನಿಗೆ ಹಾನಿ ಮಾಡುತ್ತದೆ.

ಉಪ್ಪುನೀರಿನಲ್ಲಿ ಬಾಳಿದ ಮೋಟಾರಾದ್ದರಿಂದ ಇನ್ನೊಂದು ಮಾತು. ಕಾಯಿಲ್ ಮತ್ತು ಸಿಡಿಐ ಪೆಟ್ಟಿಗೆ (ಕಿಡಿಯನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಇವುಗಳ ಕಪ್ಪು ತಂತಿಗಳು ಎಂಜಿನ್ನಿಗೆ ಬೋಲ್ಟ್ ಆಗುವ ಜಾಗಗಳಲ್ಲಿ ಬಿಳಿಯ ಪುಡಿ ಕಟ್ಟಿರುತ್ತದೆ. ಒಂದೊಂದನ್ನೇ ಬಿಚ್ಚಿ ಉಜ್ಜುಕಾಗದದಿಂದ ಹೊಳೆಯುವವರೆಗೆ ಉಜ್ಜಿ ಮತ್ತೆ ಬಿಗಿಯಿರಿ. ಹೊಸ ಕಾಯಿಲ್ ಹಾಕಿಸಿದರೂ ಬಾರದ ಕಿಡಿ ಈ ಒಂದು ಗಂಟೆಯ ಕೆಲಸದಿಂದ ಬಂದುದುಂಟು. ಹಾಗೆಯೇ ತಣಿಸುವ ನೀರನ್ನು ತಡೆದು ಎಂಜಿನ್ನಿನ ಬಿಸಿ ಕಾಯುವ ಥರ್ಮೋಸ್ಟಾಟ್ ಉಪ್ಪು ಕಟ್ಟಿ ತೆರೆದೇ ಉಳಿದಿದ್ದರೆ ಎಂಜಿನ್ ಎಷ್ಟು ಓಡಿದರೂ ಬಿಸಿಯೇರದೆ ಸೀಮೆಎಣ್ಣೆ ಸರಿಯಾಗಿ ಉರಿಯುವುದಿಲ್ಲ. ಅದನ್ನೂ ತೆಗೆಸಿ ನೋಡಿರಿ.

ಪ್ರಶ್ನೆ: ಗಂಗಾವತಿ ತಾಲ್ಲೂಕಿನ ಓದುಗ. ಪೆಟ್ರೋಲಿಗೆ ಎಣ್ಣೆ ಸ್ವಲ್ಪ ಹೆಚ್ಚು ಬೆರೆಸಿದರೆ ಹಳೆಯ ಮೋಟಾರು ಬೇಗ ಏಳುತ್ತದೆ ಎನ್ನುತ್ತಾರೆ. ನಿಜವೇ? ಔಷಧಿ ಹೊಡೆಯುವ ಸ್ಪ್ರೇಯರಿನ ಎಣ್ಣೆಯನ್ನೇ ಬಳಸಬಹುದೇ?

ಉತ್ತರ: ಎರಡಕ್ಕೂ ಉತ್ತರ ಇಲ್ಲ ಎಂದೇ. ಎಣ್ಣೆ ಹೆಚ್ಚಿದಷ್ಟೂ ಅದೇ ಜೆಟ್ಟಿನಲ್ಲಿ ಹಾಯುವ ಪೆಟ್ರೋಲ್ ಕಡಿಮೆಯಾಗುತ್ತದೆ, ಪ್ಲಗ್ ಬೇಗ ಮಸಿ ಹಿಡಿಯುತ್ತದೆ, ಅಂದರೆ ಬೆಳಗಿನ ತೊಂದರೆ ಇನ್ನಷ್ಟು ಹೆಚ್ಚುತ್ತದೆ. 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿ.ಲೀ., 25ಕ್ಕೆ 1 ಎಂದಿದ್ದರೆ 40 ಮಿ.ಲೀ.; ನಿಮ್ಮ ಮಾದರಿಗೆ ಯಾವುದೆಂದು ಪುಸ್ತಕ ನೋಡಿ, ಅಳತೆಯ ಲೋಟದಲ್ಲಿಯೇ ಅಳೆಯಿರಿ. ಸ್ಪ್ರೇಯರ್ ಗಾಳಿಯಿಂದ ತಣಿಯುವ ಎಂಜಿನ್, ಔಟ್‌ಬೋರ್ಡ್ ನೀರಿನಿಂದ ತಣಿಯುವುದು. ಔಟ್‌ಬೋರ್ಡಿಗೆ ಡಬ್ಬಿಯ ಮೇಲೆ ‘ಟಿಸಿ-ಡಬ್ಲ್ಯು3’ ಎಂಬ ಗುರುತಿರುವ, ಬೂದಿ ಉಳಿಸದ ಎಣ್ಣೆಯೇ ಬೇಕು.

ಪ್ರಶ್ನೆ: ಕಂಪ್ಲಿಯ ಬಳಿಯ ನದಿತೀರದ ಊರು ನಮ್ಮದು. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗುತ್ತದೆ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದ ಮೇಲೆ, ಆಪತ್ತಿಗೆ ಇರಲೆಂದು ನಾವು ಕೆಲವರು ಸೇರಿ ಹಳೆಯ ದೋಣಿಯನ್ನೂ 8 ಎಚ್‌ಪಿ ಮೋಟಾರನ್ನೂ ಕೊಂಡೆವು. ಹತ್ತು ತಿಂಗಳು ಸುಮ್ಮನೆ ಇದ್ದು, ಬೇಕಾದ ದಿನ ಏಳುವುದೇ ಇಲ್ಲ. ಮೆಕ್ಯಾನಿಕ್ ಬಂದು ಕಾರ್ಬುರೇಟರಿನ ಬಾಯಿಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆದು ಎಬ್ಬಿಸುತ್ತಾರೆ. ಇದು ಸರಿಯೇ?

ಉತ್ತರ: ಸ್ಪ್ರೇ ಒಂದು ಡಬ್ಬಿಯನ್ನು ನೀವೂ ತಂದಿಟ್ಟುಕೊಳ್ಳುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅಂಥ ಸ್ಪ್ರೇಗಳಲ್ಲಿ ಸಾಮಾನ್ಯವಾಗಿರುವುದು ಈಥರ್. ಇದನ್ನು ಹೊಡೆದು ಎಬ್ಬಿಸುವ ಡೀಸೆಲ್ ಎಂಜಿನ್ನಿಗೆ ಬೇರೆಯೇ ಎಣ್ಣೆಯ ವ್ಯವಸ್ಥೆಯಿದೆ; ಟು-ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆ ಬರುವುದು ಪೆಟ್ರೋಲಿನ ಜೊತೆಯಲ್ಲಿಯೇ. ಎಣ್ಣೆಯಿಲ್ಲದ ಈಥರ್ ಒಳಹೊಕ್ಕಾಗ ಗೋಡೆಗಳ ಮೇಲಿದ್ದ ಅಲ್ಪಸ್ವಲ್ಪ ಎಣ್ಣೆಯನ್ನೂ ತೊಳೆದು, ತಿಂಗಳುಗಟ್ಟಲೆ ಒಣಗಿದ್ದ ರಿಂಗುಗಳು ಲೋಹಕ್ಕೆ ಲೋಹ ಉಜ್ಜುವಂತೆ ಮಾಡುತ್ತದೆ. ಅಗತ್ಯ ಬಿದ್ದರೆ ಎಣ್ಣೆಕುಪ್ಪಿಗೆ ಎಣ್ಣೆ ಬೆರೆಸಿದ ಹೊಸ ಪೆಟ್ರೋಲನ್ನು ತುಂಬಿ, ಪ್ಲಗ್ಗಿನ ತೂತಿನಿಂದ ಒಂದೊಂದು ಸಿಲಿಂಡರಿಗೆ ಅರ್ಧ ಚಮಚದಷ್ಟು ಹಾಕಿ, ಪ್ಲಗ್ ಬಿಗಿದು, ಚೆಲ್ಲಿದ್ದನ್ನು ಒರೆಸಿದ ಮೇಲೆ ಎಳೆಯಿರಿ. ಅದರಿಂದ ಎದ್ದು ಕೂಡಲೇ ನಿಂತರೆ ಕಿಡಿ ಸರಿಯಿದೆ, ಪೆಟ್ರೋಲ್ ಬರುತ್ತಿಲ್ಲ ಎಂದು ತಿಳಿದಂತಾಯಿತು. ಇದನ್ನು ಪರೀಕ್ಷೆಯಾಗಿ ಮಾಡಬಹುದು, ದಿನದ ಪದ್ಧತಿಯಾಗಿ ಅಲ್ಲ.

ಎಬ್ಬಿಸುವ ಕ್ರಮವನ್ನೂ ಎಲ್ಲರೂ ಒಂದೇ ರೀತಿ ಕಲಿಯಬೇಕು, ಏಕೆಂದರೆ ಆಪತ್ತಿನ ದಿನ ಯಾರ ಕೈಗೆ ಹಗ್ಗ ಸಿಗುತ್ತದೋ ಹೇಳಲಾಗದು. ಮುಚ್ಚಳದ ಗಾಳಿ ಸ್ಕ್ರೂ ತೆರೆದು, ಬಲ್ಬ್ ಗಟ್ಟಿಯಾಗುವವರೆಗೆ ಹಿಂಡಿ, ಗೇರನ್ನು ನ್ಯೂಟ್ರಲಿಗೆ ತಂದು, ಹಿಡಿಕೆಯನ್ನು ಸ್ಟಾರ್ಟ್ ಗುರುತಿಗೆ ತಿರುಗಿಸಿ, ಕ್ಲಿಪ್ಪಿನ ದಾರವನ್ನು ಮಣಿಕಟ್ಟಿಗೆ ಸುತ್ತಿಕೊಂಡು, ಚೋಕ್ ಪೂರ್ತಿ ಎಳೆದ ಮೇಲೆ ಹಗ್ಗವನ್ನು ಮೊದಲು ಮೆಲ್ಲಗೆ, ಹಲ್ಲು ಕಚ್ಚಿದುದು ಕೈಗೆ ತಿಳಿಯುವವರೆಗೆ ಎಳೆದು, ಅಲ್ಲಿಂದ ಒಂದೇ ಬೀಸಿಗೆ ಸೆಳೆಯಬೇಕು. ಒಮ್ಮೆ ಕೆಮ್ಮಿದ ಕೂಡಲೇ ಚೋಕನ್ನು ಅರ್ಧಕ್ಕೆ ಇಳಿಸಿ. ಕೆಮ್ಮಿದ ಮೇಲೂ ಚೋಕ್ ಪೂರ್ತಿ ಇಟ್ಟೇ ಎಳೆಯುವುದರಿಂದ ಪೆಟ್ರೋಲ್ ಉಕ್ಕಿ ಪ್ಲಗ್ ತೊಯ್ಯುತ್ತದೆ. ನಿಮ್ಮಲ್ಲಿ ಬಹುಶಃ ಆಗುತ್ತಿರುವುದೂ ಇದೇ. ಹಾಗಾದರೆ ಚೋಕ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು, ಪ್ಲಗ್ ಒರೆಸಿ ಹಾಕಿ ಆರೆಂಟು ಸಲ ಎಳೆದರೆ ಒಳಗಿನ ಹೆಚ್ಚುವರಿ ಪೆಟ್ರೋಲ್ ಹೊರಗೆ ಹೋಗುತ್ತದೆ. ಎದ್ದ ತಕ್ಷಣ ಥ್ರಾಟಲನ್ನು ತಗ್ಗಿಸಲು ಒಬ್ಬರ ಕೈ ಹಿಡಿಕೆಯ ಮೇಲೆಯೇ ಸಿದ್ಧವಿರಲಿ.

ಇನ್ನು ಹತ್ತು ತಿಂಗಳ ವಿಶ್ರಾಂತಿಯ ಮಾತು. ಪ್ರತಿ ತಿಂಗಳು ಒಂದು ನಿಗದಿತ ದಿನ, ಡ್ರಮ್ಮಿನಲ್ಲಿ ನೀರು ತುಂಬಿ ಮೋಟಾರನ್ನು ಹತ್ತು ನಿಮಿಷ ಓಡಿಸಿ. ಕೊನೆಯಲ್ಲಿ ಪೆಟ್ರೋಲ್ ಪೈಪನ್ನು ಕಳಚಿ, ಬಟ್ಟಲು ಬರಿದಾಗಿ ತಾನಾಗಿಯೇ ನಿಲ್ಲುವವರೆಗೆ ಬಿಡಿ. ತಳದಲ್ಲಿ ಉಳಿಯುವ ಕೊಂಚವನ್ನು ಸ್ಕ್ರೂ ಬಿಡಿಸಿ ಹರಿಸಿದರೆ ಜೆಟ್ಟಿಗೆ ಅಂಟು ಕಟ್ಟುವುದಿಲ್ಲ. ಟ್ಯಾಂಕಿನಲ್ಲಿ ಪೆಟ್ರೋಲ್ ಉಳಿಸಬೇಡಿ. ಮಳೆಗಾಲ ಶುರುವಾದ ಮೇಲೆ ಬಿಗಿಯಾದ ಮುಚ್ಚಳದ ಲೋಹದ ಕ್ಯಾನಿನಲ್ಲಿ ಐದು ಲೀಟರಿನಷ್ಟು ಹೊಸ ಪೆಟ್ರೋಲನ್ನು ನೆರಳಿನಲ್ಲಿ, ಒಲೆ ಮತ್ತು ವಾಸದ ಕೋಣೆಗಳಿಂದ ದೂರ ಇಟ್ಟು, ಆ ತಿಂಗಳು ಬೇಕಾಗದಿದ್ದರೆ ಯಾರದಾದರೂ ಮೋಟಾರ್ ಸೈಕಲಿಗೆ ಹಾಕಿ ಮತ್ತೆ ಹೊಸದನ್ನು ತಂದಿಡಿ. ಎಣ್ಣೆಯನ್ನು ಬೇಕಾದಾಗಷ್ಟೇ ಬೆರೆಸಿದರೆ ಈ ಅನುಕೂಲ ಉಳಿಯುತ್ತದೆ. ಮೋಟಾರನ್ನು ನೆಲದ ಮೇಲೆ ಮಲಗಿಸದೆ ಹಲಗೆಗೆ ಬಿಗಿದು ನೆಟ್ಟಗೆ ನಿಲ್ಲಿಸಿ, ಹೊಸ ಪ್ಲಗ್ಗುಗಳ ಒಂದು ಜೊತೆಯನ್ನೂ ಪ್ಲಗ್ ಪಾನಾವನ್ನೂ ಕ್ಲಿಪ್ಪಿನ ಇನ್ನೊಂದು ದಾರವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅದರ ಹಿಡಿಕೆಗೆ ಕಟ್ಟಿಡಿ.